ಡೇಟಾಲಾಗರಿನಲ್ಲಿ ಮಳೆಯ ಲೆಕ್ಕ: ತುಂಬಿಡುವ ಕ್ರಮ, ತೆಗೆಯುವ ಕ್ರಮ

ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಹತ್ತಿರ ಹೋಗಿ, ಸಂಗ್ರಹವಾದ ನೀರನ್ನು ಗಾಜಿನ ಅಳತೆ ಪಾತ್ರೆಗೆ ಸುರಿದು ನೋಡಿ, ಪುಸ್ತಕದಲ್ಲಿ ಬರೆದಿಡುವ ಪದ್ಧತಿ ನಮ್ಮ ಭಾಗದ ಬೆಳೆಗಾರರಿಗೆ ಹೊಸದಲ್ಲ. ಕಾಫಿ ತೋಟಗಳಲ್ಲಿ ಈ ಮಳೆ ಪುಸ್ತಕಕ್ಕೆ ಚೆಕ್‌ರೋಲ್ ಪುಸ್ತಕದಷ್ಟೇ ಮರ್ಯಾದೆ. ಈಗ ಹಲವು ತೋಟಗಳಲ್ಲಿ ಈ ಕೆಲಸಕ್ಕೆ ವಿದ್ಯುನ್ಮಾನ ಡೇಟಾಲಾಗರ್ ಬಂದಿದೆ. ಅದು ರಾತ್ರಿಯೂ ಹಗಲೂ ಎಚ್ಚರವಿದ್ದು ಮಳೆ, ಉಷ್ಣತೆ, ಗಾಳಿಯ ತೇವಾಂಶ ಇವುಗಳನ್ನು ತಾನೇ ಅಳೆದು ತಾನೇ ಬರೆದುಕೊಳ್ಳುತ್ತದೆ. ಇದು ಸಂತೋಷದ ವಿಷಯವೇ. ಆದರೆ ಪೆಟ್ಟಿಗೆಯನ್ನು ಕಂಬಕ್ಕೆ ಬಿಗಿದ ದಿನವೇ ಕೆಲಸ ಮುಗಿಯಿತೆಂದು ತಿಳಿಯುವವರು ಹೆಚ್ಚು. ಪೆಟ್ಟಿಗೆಯೊಳಗೆ ಕುಳಿತಿರುವ ಅಂಕಿಗಳು ಇನ್ನೂ ದಾಖಲೆಯಲ್ಲ. ಅವನ್ನು ಹೊರಗೆ ತೆಗೆದು, ಗಡಿಯಾರ ಸರಿಯಿತ್ತೇ ಎಂದು ನೋಡಿ, ಕೈಯಳತೆಯೊಂದಿಗೆ ಹೋಲಿಸಿ, ಎರಡು ಕಡೆ ಇಟ್ಟ ಮೇಲೆಯೇ ಅವು ದಾಖಲೆಯಾಗುವುದು. ಈ ಪಾಠದಲ್ಲಿ ಆ ಕ್ರಮವನ್ನು ವಿವರಿಸಲಾಗಿದೆ.

ಇಷ್ಟು ಕಷ್ಟ ಯಾತಕ್ಕೆ ಎಂದು ಕೇಳುವವರಿಗೆ ಎರಡು ಕಾರಣ ಹೇಳಬಹುದು. ಒಂದು ಕೊಳೆರೋಗ. 1910ರಲ್ಲಿ ಮೈಸೂರು ಸರ್ಕಾರದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ತಮ್ಮ ಅಧ್ಯಯನವನ್ನು ಪ್ರಕಟಿಸಿದಾಗಿನಿಂದ ನಮಗೆ ತಿಳಿದಿರುವ ಸಂಗತಿಯೆಂದರೆ, ಈ ಶಿಲೀಂಧ್ರ ಹಬ್ಬುವುದು ಮಳೆಯ ನೀರಿನಿಂದ, ಬಿಡದ ತೇವದಿಂದ. ಒಟ್ಟು ಎಷ್ಟು ಮಿ.ಮೀ. ಬಿತ್ತು ಎಂಬುದಕ್ಕಿಂತ ಗೊನೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದೇ ಮುಖ್ಯ. ದಿನಕ್ಕೊಮ್ಮೆ ನೋಡುವ ಮಳೆಮಾಪಕ ಇದನ್ನು ಹೇಳಲಾರದು. ಕಾಲು ಗಂಟೆಗೊಮ್ಮೆ ಬರೆಯುವ ಪೆಟ್ಟಿಗೆ ಹೇಳುತ್ತದೆ. ಇನ್ನೊಂದು ಕಾರಣ ಹವಾಮಾನ ಆಧಾರಿತ ಬೆಳೆ ವಿಮೆ. ಅದರ ವಿಚಾರ ಮುಂದೆ ಬರುತ್ತದೆ.

ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ

ಭದ್ರಾವತಿಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾಗಿ ಈಗ ತೋಟ ನೋಡಿಕೊಳ್ಳುತ್ತಿರುವ ಸದಸ್ಯರಿಗೆ, ಕಾಗದದ ಮೇಲೆ ಶಾಯಿಯ ಮುಳ್ಳು ತಾನೇ ಗೆರೆ ಎಳೆಯುವ ಉಪಕರಣಗಳ ಪರಿಚಯ ಇದ್ದೀತು. ಹವಾಮಾನ ಇಲಾಖೆಯ ಹಳೆಯ ಸ್ವಯಂಲೇಖಿ ಮಳೆಮಾಪಕವೂ ಅದೇ ಜಾತಿಯದು. ಗಡಿಯಾರದ ಕೀಲಿಯಿಂದ ತಿರುಗುವ ಉರುಳೆ, ಅದಕ್ಕೆ ಸುತ್ತಿದ ಚೌಕುಳಿ ಕಾಗದ, ನೀರು ಏರಿದಂತೆ ಏರುವ ಲೇಖನಿ. ದಿನವೂ ಕಾಗದ ಬದಲಿಸಬೇಕಿತ್ತು. ಡೇಟಾಲಾಗರ್ ಇದರ ಮೊಮ್ಮಗ ಎಂದರೆ ತಪ್ಪಿಲ್ಲ. ಉರುಳೆಯ ಬದಲು ಸಣ್ಣ ಗಡಿಯಾರ ಬಿಲ್ಲೆ, ಕಾಗದದ ಬದಲು ಮೆಮೊರಿ.

ಮಳೆ ಅಳೆಯುವ ಭಾಗ ಬಲು ಸರಳ. ಲಾಳಿಕೆಯ ಕೆಳಗೆ ಏತದಂತೆ ತೂಗುವ ಜೋಡಿ ಬಟ್ಟಲು ಇರುತ್ತದೆ. ಟಿಪ್ಪಿಂಗ್ ಬಕೆಟ್ ಎಂದು ಅಂಗಡಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಒಂದು ಬಟ್ಟಲು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಬಟ್ಟಲು ಲಾಳಿಕೆಯ ಕೆಳಗೆ ಬರುತ್ತದೆ. ಪ್ರತಿ ಸಲ ವಾಲಿದಾಗ ಅಯಸ್ಕಾಂತದ ತುಂಡೊಂದು ಸ್ವಿಚ್ಚಿನ ಮುಂದೆ ಹಾದುಹೋಗಿ ಒಂದು ಎಣಿಕೆ ಕೊಡುತ್ತದೆ. ಲಾಳಿಕೆಯ ಬಾಯಿ 200 ಚದರ ಸೆಂ.ಮೀ. ಇದ್ದು, ಒಂದು ವಾಲುವಿಕೆಗೆ 0.2 ಮಿ.ಮೀ. ಎಂದಿದ್ದರೆ ಬಟ್ಟಲಿಗೆ ಹಿಡಿಯುವ ನೀರು 4 ಮಿಲಿಲೀಟರ್. ಈ ಲೆಕ್ಕ ನೆನಪಿನಲ್ಲಿರಲಿ. ಒಂದು ಲೀಟರ್ ನೀರನ್ನು ಸಣ್ಣ ತೂತಿನ ಡಬ್ಬಿಯಿಂದ ಅರ್ಧ ಗಂಟೆಯಲ್ಲಿ ನಿಧಾನವಾಗಿ ಬಿಟ್ಟರೆ ಪೆಟ್ಟಿಗೆ 250 ಎಣಿಕೆ, ಅಂದರೆ 50 ಮಿ.ಮೀ. ತೋರಿಸಬೇಕು. 230 ಮಾತ್ರ ತೋರಿಸಿದರೆ ಬಟ್ಟಲಿನ ಕೆಳಗಿನ ತಿರುಪನ್ನು ಸರಿಪಡಿಸಬೇಕು. ಬೇಗನೆ ಸುರಿದು ಪರೀಕ್ಷಿಸಬಾರದು. ಬಟ್ಟಲು ವಾಲುತ್ತಿರುವ ಕ್ಷಣದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಜಡಿಮಳೆಯಲ್ಲಿ ಈ ಉಪಕರಣ ಸ್ವಲ್ಪ ಕಡಿಮೆ ತೋರಿಸುವುದಕ್ಕೂ ಇದೇ ಕಾರಣ.

ಮೆಮೊರಿ ಎಷ್ಟು ದಿನಕ್ಕೆ ತುಂಬುತ್ತದೆ

ಕಾಲು ಗಂಟೆಗೊಮ್ಮೆ ಬರೆದರೆ ದಿನಕ್ಕೆ 96 ಸಾಲು, ವರ್ಷಕ್ಕೆ 35,040 ಸಾಲು. ಒಂದು ಸಾಲಿಗೆ ಸಮಯಕ್ಕಾಗಿ 4 ಬೈಟ್, ಉಷ್ಣತೆಗೆ 2, ತೇವಾಂಶಕ್ಕೆ 2, ಒಟ್ಟು 8 ಬೈಟ್ ಎಂದಿಟ್ಟುಕೊಳ್ಳೋಣ. ದಿನಕ್ಕೆ 768 ಬೈಟ್ ಆಯಿತು. ಅಗ್ಗದ ಪೆಟ್ಟಿಗೆಗಳಲ್ಲಿ ಬಳಸುವ ಒಂದು ಸಾಮಾನ್ಯ ಮೆಮೊರಿ ಬಿಲ್ಲೆಗೆ 32,768 ಬೈಟ್ ಹಿಡಿಯುತ್ತದೆ. ಭಾಗಿಸಿ ನೋಡಿದರೆ 42 ದಿನ! ಜೂನ್ 1ರಂದು ಆರಂಭಿಸಿದ ಪೆಟ್ಟಿಗೆ ಜುಲೈ 12ಕ್ಕೆ ತುಂಬಿಹೋಗುತ್ತದೆ. ಮಳೆ ಮುಗಿದ ಮೇಲೆ ನೋಡೋಣ ಎಂದು ಬಿಟ್ಟವರಿಗೆ ಏನು ಸಿಗುತ್ತದೆ ಎಂಬುದು ಪೆಟ್ಟಿಗೆಯ ಸ್ವಭಾವವನ್ನು ಅವಲಂಬಿಸಿದೆ. ಕೆಲವು ಪೆಟ್ಟಿಗೆಗಳು ತುಂಬಿದೊಡನೆ ಬರೆಯುವುದನ್ನು ನಿಲ್ಲಿಸುತ್ತವೆ. ಆಗ ಜೂನ್ ಉಳಿಯುತ್ತದೆ, ಆಗಸ್ಟ್ ಇಲ್ಲ. ಕೆಲವು ಮೊದಲಿನಿಂದ ಅಳಿಸಿ ಅದರ ಮೇಲೆಯೇ ಬರೆಯುತ್ತವೆ. ಆಗ ಆಗಸ್ಟ್ ಉಳಿಯುತ್ತದೆ, ಜೂನ್ ಇಲ್ಲ. ಕೊಳ್ಳುವಾಗಲೇ ಇದನ್ನು ಕೇಳಿ ತಿಳಿಯತಕ್ಕದ್ದು. ನಮ್ಮ ಅಭಿಪ್ರಾಯದಲ್ಲಿ ನಿಲ್ಲಿಸುವ ಬಗೆಯೇ ಮೇಲು. ಎಲ್ಲಿಗೆ ನಿಂತಿತು ಎಂಬುದಾದರೂ ಸ್ಪಷ್ಟವಾಗಿ ಕಾಣುತ್ತದೆ.

ಜಾಣತನದಿಂದ ಬರೆಯುವ ಪೆಟ್ಟಿಗೆಗಳೂ ಇವೆ. ಆರಂಭದ ಸಮಯವನ್ನು ಒಮ್ಮೆ ಬರೆದುಕೊಂಡು ಮುಂದೆ ಅಂಕಿಗಳನ್ನಷ್ಟೇ ಸಾಲಾಗಿ ಇಡುತ್ತವೆ. ಅಂತರ ಕಾಲು ಗಂಟೆ ಎಂದು ಗೊತ್ತಿರುವುದರಿಂದ ಉಳಿದದ್ದನ್ನು ಎಣಿಸಿಕೊಳ್ಳಬಹುದು. ಅದೇ ಬಿಲ್ಲೆಯಲ್ಲಿ 85 ದಿನದ ಲೆಕ್ಕ ಹಿಡಿಯುತ್ತದೆ. ಆದರೆ ನಡುವೆ ಬ್ಯಾಟರಿ ಒಂದು ದಿನ ಕೈಕೊಟ್ಟರೆ, ಆಮೇಲಿನ ಸಾಲುಗಳೆಲ್ಲ ಒಂದು ದಿನ ಹಿಂದಕ್ಕೆ ಸರಿದು ಕೂರುತ್ತವೆ.

ಮಳೆಯನ್ನು ಬರೆಯುವ ಇನ್ನೊಂದು ಕ್ರಮವೆಂದರೆ ಬಟ್ಟಲು ವಾಲಿದಾಗಲೆಲ್ಲ ಆ ಕ್ಷಣವನ್ನು ಬರೆದಿಡುವುದು. ಮಳೆಯಿಲ್ಲದ ದಿನ ಮೆಮೊರಿ ಖರ್ಚಾಗುವುದಿಲ್ಲ. ಇಲ್ಲಿ ಊರಿನಿಂದ ಊರಿಗೆ ವ್ಯತ್ಯಾಸ ನೋಡಿ. ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳು ಅರೆಮಲೆನಾಡು. ವರ್ಷಕ್ಕೆ 900 ಮಿ.ಮೀ. ಎಂದಿಟ್ಟುಕೊಂಡರೆ 0.2ರಂತೆ 4,500 ವಾಲುವಿಕೆ. ಒಂದಕ್ಕೆ 4 ಬೈಟಿನಂತೆ ಆ ಬಿಲ್ಲೆಗೆ 8,192 ವಾಲುವಿಕೆ ಹಿಡಿಯುವುದರಿಂದ ಇಡೀ ವರ್ಷದ ಮಳೆ ಬರೆದೂ ಜಾಗ ಉಳಿಯುತ್ತದೆ. ಇದೇ ಪೆಟ್ಟಿಗೆಯನ್ನು ಆಗುಂಬೆಗೆ ಒಯ್ದರೆ? ಅಲ್ಲಿಯ ಸರಾಸರಿ ಸುಮಾರು 7,600 ಮಿ.ಮೀ., ಅಂದರೆ 38,000 ವಾಲುವಿಕೆ. ಪೆಟ್ಟಿಗೆ 1,638 ಮಿ.ಮೀ.ಗೆ ತುಂಬಿಬಿಡುತ್ತದೆ, ಜುಲೈ ಮುಗಿಯುವವರೆಗೂ ಬಾರದು. ಭದ್ರಾವತಿಯ ನೆಂಟರು ಹೇಳಿದರೆಂದು ತೀರ್ಥಹಳ್ಳಿ ಕಡೆಯವರು ಅದೇ ಪೆಟ್ಟಿಗೆ ಕೊಳ್ಳುವ ಮೊದಲು ಈ ಗುಣಾಕಾರ ಭಾಗಾಕಾರ ಮಾಡಿಕೊಳ್ಳುವುದು ಒಳ್ಳೆಯದು.

ಮೆಮೊರಿ ಕಾರ್ಡ್ ಹಾಕುವ ಪೆಟ್ಟಿಗೆಗಳಿಗೆ ಜಾಗದ ಚಿಂತೆಯೇ ಇಲ್ಲ. ಕಾಲು ಗಂಟೆಗೊಂದು ಸಾಲಿನಂತೆ ವರ್ಷಕ್ಕೆ ಸುಮಾರು ಒಂದು ಮೆಗಾಬೈಟ್ ಮಾತ್ರ ಬೇಕು. ಅವುಗಳ ಕಷ್ಟ ಬೇರೆ. ನಮ್ಮ ಮಳೆಗಾಲದ ತೇವಕ್ಕೆ ಕಾರ್ಡಿನ ಹಿತ್ತಾಳೆ ಬಣ್ಣದ ಹಲ್ಲುಗಳು ಕಿಲುಬು ಹಿಡಿಯುತ್ತವೆ. ಪೆಟ್ಟಿಗೆ ಬರೆಯುತ್ತಿರುವಾಗಲೇ ಕಾರ್ಡನ್ನು ಎಳೆದರೆ ಕೊನೆಯ ಕೆಲವು ಸಾಲು ಹೋಗುವುದಲ್ಲದೆ ಇಡೀ ಕಡತವೇ ತೆರೆಯದಂತೆ ಆಗಬಹುದು. ನಿಲ್ಲಿಸುವ ಗುಂಡಿ ಇದ್ದರೆ ಒತ್ತಿ, ದೀಪ ಆರಿದ ಮೇಲೆ ತೆಗೆಯಬೇಕು. ಇನ್ನು, ವಿದ್ಯುತ್ ಇರುವಷ್ಟು ಹೊತ್ತು ಮಾತ್ರ ನೆನಪಿಟ್ಟುಕೊಳ್ಳುವ ಹಳೆಯ ಬಗೆಯ ಪೆಟ್ಟಿಗೆ ಯಾರ ಬಳಿಯಾದರೂ ಇದ್ದರೆ, ಬ್ಯಾಟರಿ ಬದಲಿಸುವ ಮೊದಲು ಅಂಕಿಗಳನ್ನು ತೆಗೆದಿಟ್ಟುಕೊಳ್ಳತಕ್ಕದ್ದು.

ಗಡಿಯಾರದ ಮಾತು

ಅಂಕಿ ಸರಿಯಿದ್ದು ಸಮಯ ತಪ್ಪಿದರೆ ಆ ಅಂಕಿಯಿಂದ ಉಪಯೋಗವಿಲ್ಲ. ಪೆಟ್ಟಿಗೆಯ ಗಡಿಯಾರ ನಡೆಯುವುದು ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದಿಂದ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಇವುಗಳಲ್ಲಿ ಸಾಮಾನ್ಯ. ಕೇಳಲು ಏನೂ ಅಲ್ಲ, ಆದರೆ ದಿನಕ್ಕೆ 1.7 ಸೆಕೆಂಡಿನಂತೆ ವರ್ಷಕ್ಕೆ ಹತ್ತು ನಿಮಿಷವಾಗುತ್ತದೆ. ಇದು ಸಹಿಸಬಹುದಾದ ತಪ್ಪು. ಸಹಿಸಲಾಗದ್ದೆಂದರೆ ಗಡಿಯಾರದ ಗುಂಡಿ ಬ್ಯಾಟರಿ ಸತ್ತು, ಪೆಟ್ಟಿಗೆ ತನಗೆ ತಿಳಿದ ಯಾವುದೋ ಹಳೆಯ ವರ್ಷದ ಜನವರಿ 1ರಿಂದ ಮತ್ತೆ ಎಣಿಸತೊಡಗುವುದು.

ಇನ್ನೊಂದು ಗೊಂದಲ ಗ್ರೀನಿಚ್ ಸಮಯದ್ದು. ಕೆಲವು ಪೆಟ್ಟಿಗೆಗಳು ತಯಾರಾಗುವಾಗಲೇ ಆ ಸಮಯಕ್ಕೆ ಹೊಂದಿಸಲ್ಪಟ್ಟಿರುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಜುಲೈ 6ರ ಬೆಳಗಿನ ಜಾವ 4 ಗಂಟೆಗೆ ಹೊಯ್ದ ಮಳೆ ಅಂಥ ಪೆಟ್ಟಿಗೆಯಲ್ಲಿ ಜುಲೈ 5ರ ರಾತ್ರಿ 10-30ಕ್ಕೆ ಎಂದು ದಾಖಲಾಗುತ್ತದೆ. ದಿನದ ಲೆಕ್ಕವೇ ಬದಲಾಯಿತು. ಇದರ ಮೇಲೆ ಮಳೆಯ ದಿನ ಎಂಬುದೇ ಬೇರೆ. ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8-30ರಿಂದ ಮರುದಿನ ಬೆಳಿಗ್ಗೆ 8-30ರವರೆಗಿನ ಮಳೆಯನ್ನು ಅಳೆದ ದಿನದ ತಾರೀಖಿಗೆ ಬರೆಯುತ್ತಾರೆ. ನಮ್ಮ ಪೆಟ್ಟಿಗೆಯ ಜೊತೆ ಬರುವ ತಂತ್ರಾಂಶ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡಿಸುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ತಾಳೆಯಾಗುತ್ತಿಲ್ಲ ಎಂದು ಜಗಳವಾಡುವ ಮೊದಲು ಎರಡೂ ಒಂದೇ ದಿನವೇ ಎಂದು ನೋಡಬೇಕು.

ಹೊರಗೆ ತೆಗೆಯುವ ಕ್ರಮ

ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆಯುವುದು ಉತ್ತಮ. ಮಳೆ ನಕ್ಷತ್ರ ಬದಲಾಗುವ ದಿನವನ್ನೇ ಗೊತ್ತು ಮಾಡಿಕೊಂಡರೆ ಮರೆಯುವ ಭಯವಿಲ್ಲ. ಆರಿದ್ರೆ ಮುಗಿದು ಪುನರ್ವಸು ಹುಟ್ಟುವ ದಿನ ಒಮ್ಮೆ, ಪುಷ್ಯ ಹುಟ್ಟುವ ದಿನ ಇನ್ನೊಮ್ಮೆ. ಹೀಗೆ ಮಾಡಿದರೆ ಯಾವ ಮಳೆ ಎಷ್ಟು ಹೊಯ್ಯಿತು ಎಂಬ, ಮನೆಯ ಹಿರಿಯರು ಕೇಳುವ ಲೆಕ್ಕವೂ ತಾನಾಗಿ ಸಿಗುತ್ತದೆ.

ಪೆಟ್ಟಿಗೆಯ ಬಳಿ ಹೋದೊಡನೆ ಮಾಡಬೇಕಾದ ಮೊದಲ ಕೆಲಸ ಅಂಕಿ ತೆಗೆಯುವುದಲ್ಲ. ಕೈಗಡಿಯಾರದ ಅಥವಾ ಮೊಬೈಲಿನ ಸಮಯವನ್ನೂ ಪೆಟ್ಟಿಗೆಯ ಸಮಯವನ್ನೂ ಅಕ್ಕಪಕ್ಕದಲ್ಲಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ವ್ಯತ್ಯಾಸವಿದ್ದರೆ ಆಗಲೇ ಸರಿಪಡಿಸಬಾರದು. ಮೊದಲು ಹಳೆಯ ಅಂಕಿ ಹೊರಗೆ ಬರಲಿ. ಆಮೇಲೆ ಕೇಬಲ್ ಜೋಡಿಸಿಯೋ, ಕಾರ್ಡ್ ತೆಗೆದೋ, ಬ್ಲೂಟೂತ್ ಮೂಲಕವೋ ಕಡತವನ್ನು ಮೊಬೈಲಿಗೆ ಅಥವಾ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇಳಿಯಿತು ಎಂದು ಪರದೆ ಹೇಳಿದರೆ ಸಾಲದು. ಕಡತ ತೆರೆದು ಮೊದಲ ಸಾಲಿನ ತಾರೀಖು, ಕೊನೆಯ ಸಾಲಿನ ತಾರೀಖು, ಒಟ್ಟು ಸಾಲುಗಳ ಸಂಖ್ಯೆ ಇವನ್ನು ನೋಡಬೇಕು. ಹದಿನಾಲ್ಕು ದಿನಕ್ಕೆ 1,344 ಸಾಲು ಇರಬೇಕು. 1,290 ಇದ್ದರೆ 54 ಸಾಲು, ಅಂದರೆ ಹದಿಮೂರೂವರೆ ಗಂಟೆಯ ಲೆಕ್ಕ ಎಲ್ಲಿಯೋ ತಪ್ಪಿದೆ. ಈ ಎಣಿಕೆಗೆ ಒಂದು ನಿಮಿಷ ಸಾಕು. ಅನಂತರ ಕಡತದ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟು, ಎರಡನೆಯ ಪ್ರತಿಯೂ ತೆರೆಯುತ್ತದೆಂದು ಖಾತ್ರಿಯಾದ ಮೇಲೆಯೇ ಪೆಟ್ಟಿಗೆಯ ಮೆಮೊರಿ ಅಳಿಸಿ, ಗಡಿಯಾರ ಸರಿಪಡಿಸಿ, ಹೊಸದಾಗಿ ಆರಂಭಿಸತಕ್ಕದ್ದು. ಮೂಲ ಕಡತವನ್ನು ಎಂದೂ ತಿದ್ದಬಾರದು. ತಿದ್ದುಪಡಿ ಏನಿದ್ದರೂ ಪ್ರತಿಯಲ್ಲಿ.

ಕಡತದಲ್ಲಿ ಏನಿರುತ್ತದೆ? ಅಲ್ಪವಿರಾಮಗಳಿಂದ ಬೇರ್ಪಟ್ಟ ಅಂಕಿಗಳ ಸಾಲು. 06-07, 14:15, 0.4, 22.6, 94 ಎಂದಿದ್ದರೆ ಜುಲೈ 6ರಂದು ಮಧ್ಯಾಹ್ನ 2-15ಕ್ಕೆ ಮುಗಿದ ಕಾಲು ಗಂಟೆಯಲ್ಲಿ 0.4 ಮಿ.ಮೀ. ಮಳೆ, ಉಷ್ಣತೆ 22.6 ಡಿಗ್ರಿ, ಆರ್ದ್ರತೆ ಶೇ. 94 ಎಂದು ಓದಬೇಕು. ಇದನ್ನು ಎಕ್ಸೆಲ್‌ನಲ್ಲಿ ತೆರೆದಾಗ ಒಂದು ಕುತ್ತು ಕಾದಿರುತ್ತದೆ. ಕಂಪ್ಯೂಟರ್ ಅಮೆರಿಕದ ಕ್ರಮಕ್ಕೆ ಹೊಂದಿಸಿದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ. ಜುಲೈ 6 ಎಂಬುದು ಜೂನ್ 7 ಆಗುತ್ತದೆ. 12ನೆಯ ತಾರೀಖಿನವರೆಗೆ ಹೀಗೆ ಅದಲುಬದಲಾಗಿ, 13ನೆಯ ತಿಂಗಳು ಇಲ್ಲವಾದ್ದರಿಂದ ಅಲ್ಲಿಂದ ಮುಂದಿನವು ಹಾಗೆಯೇ ಉಳಿಯುತ್ತವೆ. ಜುಲೈ ತಿಂಗಳ ಮೊದಲ ಹನ್ನೆರಡು ದಿನದ ಮಳೆ ವರ್ಷದ ಹನ್ನೆರಡು ತಿಂಗಳಿಗೆ ಹಂಚಿಹೋಗಿ, ಜನವರಿಯಲ್ಲಿಯೂ ಮಳೆ ಬಂದಂತೆ ಕಾಣುತ್ತದೆ. ಪೆಟ್ಟಿಗೆಯಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮ ಆರಿಸಲು ಅವಕಾಶವಿದ್ದರೆ ಅದನ್ನೇ ಆರಿಸಿಕೊಳ್ಳಿ.

ಸಂವೇದಕ ಕೆಟ್ಟಾಗ ಪೆಟ್ಟಿಗೆ ಖಾಲಿ ಬಿಡದೆ −999 ಎಂದೋ −127 ಎಂದೋ ಬರೆಯುವುದುಂಟು. ಇದು ಉಷ್ಣತೆಯಲ್ಲ, ಗೊತ್ತಿಲ್ಲ ಎನ್ನುವ ಗುರುತು. ದಿನದ 96 ಅಂಕಿಗಳಲ್ಲಿ 95 ಅಂಕಿ 22 ಡಿಗ್ರಿ ಇದ್ದು ಒಂದು −999 ಸೇರಿಕೊಂಡರೆ ಸರಾಸರಿ 11.4 ಡಿಗ್ರಿಗೆ ಇಳಿಯುತ್ತದೆ. ಜುಲೈ ತಿಂಗಳಲ್ಲಿ ಶಿವಮೊಗ್ಗಕ್ಕೆ ಅಂಥ ಚಳಿ! ಸರಾಸರಿ ತೆಗೆಯುವ ಮೊದಲು ಇವನ್ನು ಹೆಕ್ಕಿ ತೆಗೆಯಬೇಕು.

ಇದಕ್ಕಿಂತ ಮೋಸದ್ದು ಸೊನ್ನೆ. ಲಾಳಿಕೆಗೆ ಎಲೆ, ಹಕ್ಕಿಯ ಹಿಕ್ಕೆ, ಉದುರಿದ ಸಿಂಗಾರದ ಹೂವು ಬಿದ್ದು ತೂತು ಕಟ್ಟಿದರೆ, ಬಟ್ಟಲಿಗೆ ಜೇಡ ಬಲೆ ನೇಯ್ದರೆ, ಪೆಟ್ಟಿಗೆ ಪ್ರಾಮಾಣಿಕವಾಗಿ 0 ಎಂದು ಬರೆಯುತ್ತಲೇ ಇರುತ್ತದೆ. ಮಳೆ ಇಲ್ಲ ಎಂಬುದಕ್ಕೂ ಅಳತೆ ಇಲ್ಲ ಎಂಬುದಕ್ಕೂ ಕಡತದಲ್ಲಿ ಭೇದವೇ ಇರದು. ಕಟ್ಟಿದ ಲಾಳಿಕೆ ಆಮೇಲೆ ಮೆಲ್ಲನೆ ಬಿಟ್ಟುಕೊಂಡರೆ ಬಿಸಿಲಿನಲ್ಲಿಯೂ ಸಣ್ಣ ಮಳೆ ಒಂದೇ ಸಮನೆ ಬಿದ್ದಂತೆ ತೋರುತ್ತದೆ. ಇದನ್ನು ಹಿಡಿಯಲು ಒಂದೇ ದಾರಿ: ಹಳೆಯ ಮಳೆಮಾಪಕವನ್ನು ಎಸೆಯದೆ ಪಕ್ಕದಲ್ಲಿ ಇಟ್ಟುಕೊಂಡಿರುವುದು. ದಿನವೂ ಆಗದಿದ್ದರೆ ವಾರಕ್ಕೊಮ್ಮೆಯಾದರೂ ಎರಡನ್ನೂ ತಾಳೆ ನೋಡಬೇಕು. ನೂರಕ್ಕೆ ಐದರಷ್ಟು ವ್ಯತ್ಯಾಸ ಇದ್ದರೆ ಚಿಂತಿಸಬೇಕಾಗಿಲ್ಲ. ಅಡಿಕೆ ಮರದ ಕೆಳಗೆ ಎರಡನ್ನೂ ಇಡಬಾರದು, ಸೋಗೆಯ ಹನಿ ಲೆಕ್ಕ ಕೆಡಿಸುತ್ತದೆ. ತೋಟದ ಮನೆಗಳಲ್ಲಿ ಆಕಾಶ ಕಾಣುವ ಜಾಗವೆಂದರೆ ಅಡಿಕೆ ಒಣಗಿಸುವ ಅಂಗಳ. ಅದರ ಅಂಚೇ ಸರಿಯಾದ ಸ್ಥಳ.

ಕೊಳೆರೋಗಕ್ಕೂ ವಿಮೆಗೂ

ಬೋರ್ಡೋ ದ್ರಾವಣದ ಮೊದಲ ಸಿಂಪರಣೆ ಮುಂಗಾರಿಗೆ ಮುಂಚೆ, ಎರಡನೆಯದು 40ರಿಂದ 45 ದಿನಕ್ಕೆ ಎಂಬುದು ನಮಗೆಲ್ಲ ತಿಳಿದಿರುವ ಪಾಠ. ಆ ಎರಡನೆಯದಕ್ಕೆ ಕೊನೆಗಾರರೂ ಸಿಗಬೇಕು, ಮಳೆಯೂ ಬಿಡುವು ಕೊಡಬೇಕು. ಡೇಟಾಲಾಗರ್ ನಾಳೆಯ ಮಳೆ ಹೇಳುವುದಿಲ್ಲ. ಆದರೆ ಹಿಂದಿನ ಮೂರು ನಾಲ್ಕು ವರ್ಷಗಳ ಕಡತಗಳನ್ನು ಜೊತೆಗಿಟ್ಟು ನೋಡಿದರೆ, ನಮ್ಮದೇ ತೋಟದಲ್ಲಿ ಜುಲೈ ತಿಂಗಳ ಬಿಡುವು ಹೆಚ್ಚಾಗಿ ಯಾವ ಹೊತ್ತಿನಲ್ಲಿ ಸಿಗುತ್ತದೆ, ಆರ್ದ್ರತೆ ಶೇ. 90ಕ್ಕಿಂತ ಮೇಲೆ ಒಂದೇ ಸಮನೆ ಎಷ್ಟು ಗಂಟೆ ನಿಂತಿತ್ತು, ಆ ವರ್ಷ ಕೊಳೆ ಎಷ್ಟು ಉದುರಿತು ಎಂಬುದು ಕಣ್ಣಿಗೆ ಕಾಣುತ್ತದೆ. ಕಾಫಿಯವರಿಗೆ ಇದೇ ಲೆಕ್ಕ ಫೆಬ್ರವರಿ, ಮಾರ್ಚ್ ತಿಂಗಳ ಹೂಮಳೆಗೆ ಉಪಯೋಗ. ಬಿದ್ದದ್ದು ಹೂ ಅರಳಲು ಸಾಕಾಗುವಷ್ಟೋ ಅಲ್ಲವೋ, ಸ್ಪ್ರಿಂಕ್ಲರ್ ಹೂಡಬೇಕೋ ಬೇಡವೋ ಎಂಬುದನ್ನು ಪಕ್ಕದ ಎಸ್ಟೇಟಿನ ಸುದ್ದಿಯಿಂದಲ್ಲ, ತಮ್ಮ ಪೆಟ್ಟಿಗೆಯಿಂದಲೇ ತಿಳಿಯಬಹುದು. ಆರ್ದ್ರತೆಯ ಸಂವೇದಕಗಳ ಬಗ್ಗೆ ಮಾತ್ರ ಒಂದು ಎಚ್ಚರಿಕೆ: ವಾರಗಟ್ಟಲೆ ತೇವದಲ್ಲಿದ್ದವು 100ಕ್ಕೆ ಅಂಟಿಕೊಂಡು ಬಿಸಿಲು ಬಂದರೂ ಬೇಗ ಇಳಿಯುವುದಿಲ್ಲ.

ವಿಮೆಯ ವಿಚಾರ. ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆ 2016ರಲ್ಲಿ ಜಾರಿಗೆ ಬಂದಿತು. ಕರ್ನಾಟಕದಲ್ಲಿ ಅಡಿಕೆಗೂ ಅನ್ವಯವಾಗಿದೆ. ಈ ಯೋಜನೆಯಲ್ಲಿ ತೋಟಕ್ಕೆ ಬಂದು ಎಷ್ಟು ಕಾಯಿ ಉದುರಿತೆಂದು ಯಾರೂ ಎಣಿಸುವುದಿಲ್ಲ. ಗೊತ್ತುಪಡಿಸಿದ ಮಾಪನ ಕೇಂದ್ರದಲ್ಲಿ ದಾಖಲಾದ ಮಳೆ ಮುಂತಾದ ಅಂಕಿಗಳ ಮೇಲೆಯೇ ಪರಿಹಾರ ನಿರ್ಧಾರ. ಅಂದಮೇಲೆ ಆ ಕೇಂದ್ರದ ಡೇಟಾಲಾಗರ್ ಸರಿಯಾಗಿ ಬರೆಯಿತೋ ಇಲ್ಲವೋ ಎಂಬುದು ನೂರಾರು ಕುಟುಂಬಗಳ ಹಣದ ಪ್ರಶ್ನೆ. ರಾಜ್ಯದಲ್ಲಿ 1988ರಲ್ಲಿ ಬರ ಪರಿಸ್ಥಿತಿಯ ಉಸ್ತುವಾರಿಗಾಗಿ ಆರಂಭವಾದ ಘಟಕ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಬಿಸಿಲಿನ ವಿದ್ಯುತ್ತಿನಿಂದ ನಡೆದು, ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವ ಪೆಟ್ಟಿಗೆಗಳು ಅವು. ನಮ್ಮ ಅಂಗಳದ ಪೆಟ್ಟಿಗೆಗೆ ಹೇಳಿದ ಕಾಯಿಲೆಗಳೆಲ್ಲ ಅವಕ್ಕೂ ಬರಬಲ್ಲವು. ಕಟ್ಟಿದ ಲಾಳಿಕೆ, ಸತ್ತ ಬ್ಯಾಟರಿ, ಹತ್ತಿರದ ಮರ, ಇದರ ಜೊತೆಗೆ ಸಿಗ್ನಲ್ ಸಿಗದ ಕಣಿವೆ.

ನಮ್ಮ ತೋಟದ ಅಂಕಿ ಆ ಕೇಂದ್ರದ ಅಂಕಿಯ ಜಾಗದಲ್ಲಿ ಕೂರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಮಳೆ ಹೊಳೆಯ ಈಚೆಗೊಂದು ಆಚೆಗೊಂದು ಬೀಳುವುದರಿಂದ 60 ಮಿ.ಮೀ.ಗೆ 45 ಎಂದು ಅಲ್ಲಿ ಬಂದರೆ ಅದು ತಪ್ಪೆಂದು ಸಾಧಿಸುವಂತೆಯೂ ಇಲ್ಲ. ಆದರೆ ಪಂಚಾಯಿತಿಯ ಮಾಪಕ ಸತತ ಮೂರು ದಿನ ಸೊನ್ನೆ ತೋರಿಸಿದಾಗ, ಸುತ್ತಲಿನ ಐದು ತೋಟಗಳಲ್ಲಿ ದಿನಕ್ಕೆ 60, 70 ಮಿ.ಮೀ. ದಾಖಲಾಗಿದ್ದರೆ, ಪ್ರಶ್ನೆ ಕೇಳಲು ಅದು ಗಟ್ಟಿಯಾದ ಆಧಾರ. ಆಗ ಬೇಕಾಗುವುದು ಮಳೆ ಜೋರಿತ್ತು ಎಂಬ ಮಾತಲ್ಲ; 8-30ರಿಂದ 8-30ರ ಕ್ರಮದಲ್ಲಿ ಕೂಡಿಸಿದ ಅಂಕಿ, ತಿದ್ದದ ಮೂಲ ಕಡತ, ಗಡಿಯಾರದ ವ್ಯತ್ಯಾಸ ಬರೆದ ಪುಸ್ತಕ, ಲೀಟರ್ ನೀರಿನ ಪರೀಕ್ಷೆ ಮಾಡಿದ ತಾರೀಖು. ಅವಧಿ ಮುಗಿದ ಮೇಲೆ ಎಲ್ಲರೂ ಸೇರಿ ಅರ್ಜಿ ಬರೆಯುವುದಕ್ಕಿಂತ ಮಾಪಕ ಸುಮ್ಮನಿದ್ದ ವಾರದಲ್ಲಿಯೇ ಗ್ರಾಮ ಪಂಚಾಯಿತಿಗೂ ತೋಟಗಾರಿಕೆ ಇಲಾಖೆಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು ಹೆಚ್ಚು ಪ್ರಯೋಜನಕಾರಿ. ಅಂಕಿಗಳನ್ನು ಹದಿನೈದು ದಿನಕ್ಕೊಮ್ಮೆ ತೆಗೆದು ನೋಡುವವರಿಗೆ ಮಾತ್ರ ಇದು ಸಾಧ್ಯ.

ಮೇ ತಿಂಗಳಲ್ಲಿ ಮೈಲುತುತ್ತ, ಸುಣ್ಣ ತರಲು ಪೇಟೆಗೆ ಹೋದಾಗಲೇ ಪೆಟ್ಟಿಗೆಗೆ ಹೊಸ ಬ್ಯಾಟರಿಯನ್ನೂ, ಗಡಿಯಾರದ ಗುಂಡಿ ಬ್ಯಾಟರಿಯನ್ನೂ ತಂದಿಟ್ಟುಕೊಳ್ಳಿ. ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣ ಇರಲಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ತುಂಬಿದೆ ಎಂದರ್ಥ, ಬದಲಿಸಬೇಕು. ತಂತಿ ಒಳಹೋಗುವ ತೂತನ್ನು ಮೇಣದಿಂದಾಗಲಿ ರಬ್ಬರ್ ಬಿರಡೆಯಿಂದಾಗಲಿ ಮುಚ್ಚದಿದ್ದರೆ ಮೊದಲ ಮಳೆಗೇ ಇರುವೆಗಳು ಮೊಟ್ಟೆಸಹಿತ ಒಳಗೆ ಬಿಡಾರ ಹೂಡುತ್ತವೆ.